ವೇದಾವತಿಯ ಕವಲುಗಳು

ಬೆಂಗಳೂರಿನಿಂದ ಪುಣೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಶಿರಾ ಪಟ್ಟಣವನ್ನು ಹಿಂದಕ್ಕೆ ಬಿಟ್ಟು ಹಿರಿಯೂರು ಸೀಮೆಯನ್ನು ಪ್ರವೇಶಿಸುವ ಪ್ರಯಾಣಿಕನಿಗೆ, ಎದುರಾಗುವ ಜವನಗೊಂಡನಹಳ್ಳಿಯು ಒಂದು ನದಿಗೆ ಸಂಬಂಧಿಸಿದ ಊರೆಂಬ ಭಾವನೆ ಸ್ವಪ್ನದಲ್ಲಿಯೂ ಮೂಡಲಾರದು. ಇಕ್ಕೆಲಗಳಲ್ಲಿ ಜಾಲಿಯ ಪೊದೆಗಳು, ಶೇಂಗಾ ಬಿತ್ತುವ ಹೊಲಗಳು, ಕೊಳವೆಬಾವಿಯ ಭರವಸೆಯ ಮೇಲೆ ನಿಂತಿರುವ ಅಲ್ಲೊಂದು ಇಲ್ಲೊಂದು ತೆಂಗಿನ ತೋಟ, ದೂರದ ಗುಡ್ಡಸಾಲಿನ ನೆತ್ತಿಯ ಮೇಲೆ ಸಾವಕಾಶವಾಗಿ ತಿರುಗುತ್ತಿರುವ ಗಾಳಿಯಂತ್ರಗಳು. ಇವುಗಳ ನಡುವೆ ಜಲರಾಶಿಯ ಕುರುಹೇ ಕಾಣದು. ಆದರೂ ನದಿಯುಂಟು. ಸುವರ್ಣಮುಖಿಯೆಂಬ ಶ್ರೀಮಂತವಾದ ನಾಮಧೇಯವನ್ನು ಹೊತ್ತ ಈ ಬಡನದಿಯು ಇದೇ ಹೋಬಳಿಯಲ್ಲಿ ಹರಿದು, ಗಾಯತ್ರಿ ಜಲಾಶಯವೆಂಬ ಕಟ್ಟೆಯಲ್ಲಿ ಒಂದಷ್ಟು ತಂಗಿ, ಮುಂದೆ ಕೂಡ್ಲಹಳ್ಳಿಯಲ್ಲಿ ವೇದಾವತಿಯನ್ನು ಸೇರುವುದು. ವೇದಾವತಿಯು ತುಂಗಭದ್ರೆಯನ್ನೂ, ತುಂಗಭದ್ರೆಯು ಕೃಷ್ಣೆಯನ್ನೂ, ಕೃಷ್ಣೆಯು ಬಂಗಾಳ ಕೊಲ್ಲಿಯನ್ನೂ ಸೇರುವುದರಿಂದ, ಜವನಗೊಂಡನಹಳ್ಳಿಯ ಮಳೆಹನಿಗೂ ಸಮುದ್ರಕ್ಕೂ ಶಾಸ್ತ್ರೋಕ್ತವಾದ ಸಂಬಂಧವಿದೆಯೆಂದು ಭೂಗೋಳವು ಸಾಧಿಸಿ ತೋರಿಸಬಲ್ಲುದು. ಆ ಹನಿಯು ವಾಸ್ತವವಾಗಿ ಸಮುದ್ರವನ್ನು ತಲಪುವುದೇ ಎಂಬುದು ಬೇರೆಯ ಪ್ರಶ್ನೆ.

ನದಿಗಳ ವಿಷಯವನ್ನು ಓದುವ ಅಭ್ಯಾಸವಿರುವವರಿಗೆ, ಇಂತಹ ನದಿಯನ್ನು ಕಂಡಾಗ ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ನದಿಯ ನೆನಪಾಗುವುದು ಸಹಜ. ಯೂರೋಪು ಖಂಡದ ರೈನ್ ನದಿಯು ಜರ್ಮನಿಯ ಎಲ್ಲೆಯನ್ನು ದಾಟಿ ಲೋಬಿತ್ ಎಂಬಲ್ಲಿ ನೆದರ್ಲೆಂಡ್ಸ್ ದೇಶವನ್ನು ಹೊಗುವಾಗ, ಸರಾಸರಿ ಲೆಕ್ಕದಲ್ಲಿ ಸೆಕೆಂಡಿಗೆ ಸುಮಾರು 2,200 ಘನ ಮೀಟರು ನೀರನ್ನು ತರುತ್ತದೆ. ಅಲ್ಲಿಂದ ಸ್ವಲ್ಪ ದೂರದಲ್ಲಿಯೇ, ಪನ್ನರ್ಡನ್ ಎಂಬ ಗ್ರಾಮದ ಬಳಿ, ನದಿಯು ಎರಡಾಗುವುದು. ಮೂರರಲ್ಲಿ ಎರಡು ಪಾಲು ನೀರು ವಾಲ್ ಎಂಬ ಹೆಸರನ್ನು ಧರಿಸಿ ಪಶ್ಚಿಮಕ್ಕೆ ನೈಮೇಗನ್ ನಗರದ ಕಡೆಗೆ ಹೊರಡುತ್ತದೆ. ಉಳಿದ ಒಂದು ಪಾಲು ಉತ್ತರಕ್ಕೆ ತಿರುಗಿ, ಆರ್ನ್‌ಹೆಮ್ ನಗರದ ಸಮೀಪದಲ್ಲಿ ಮತ್ತೆ ಇಬ್ಭಾಗವಾಗಿ, ಅದರ ಸಣ್ಣ ಭಾಗವು ಐಸೆಲ್ ಎಂಬ ಹೆಸರಿನಿಂದ ಉತ್ತರದ ಸರೋವರಕ್ಕೂ, ದೊಡ್ಡ ಭಾಗವು ನೇಡರ್‌ರೈನ್ ಎಂಬ ಹೆಸರಿನಿಂದ ಪಶ್ಚಿಮಕ್ಕೂ ಹೋಗುತ್ತವೆ. ಈ ನೇಡರ್‌ರೈನೇ ಮುಂದೆ ಲೆಕ್ ಎನಿಸಿಕೊಳ್ಳುವುದು. ಅತ್ತ ವಾಲ್ ನದಿಯು ಮೆರ್ವೇಡ ಎಂದಾಗಿ, ಮೆರ್ವೇಡವು ಮತ್ತೆ ಕವಲೊಡೆದು, ಆ ಕವಲಿನ ಕವಲೊಂದು ನೋರ್ಡ್ ಎಂಬ ಚಿಕ್ಕ ಹೊನಲಾಗಿ ಕಿಂಡರ್‌ಡೈಕ್ ಎಂಬಲ್ಲಿ, ಹಳೆಯ ಹತ್ತೊಂಬತ್ತು ಗಾಳಿಗಿರಣಿಗಳು ನಿಂತಿರುವ ತಾಣದ ಮಗ್ಗುಲಲ್ಲಿ, ಲೆಕ್ ನದಿಯನ್ನು ಪುನಃ ಕೂಡಿಕೊಳ್ಳುತ್ತದೆ. ಪನ್ನರ್ಡನ್ನಿನಲ್ಲಿ ಬೀಳ್ಕೊಂಡ ನೀರು ನೂರು ಕಿಲೋಮೀಟರಿಗೂ ದೂರದ ಈ ಸ್ಥಳದಲ್ಲಿ ಹೊಸ ಹೆಸರುಗಳಿಂದ ಪರಸ್ಪರ ಭೇಟಿಯಾಗಿ, ಹೊಸ ಮಾಸ್ ಎಂಬ ಮತ್ತೊಂದು ಹೆಸರಿನಿಂದ ರಾಟರ್‌ಡ್ಯಾಮ್ ಬಂದರನ್ನು ಹಾದು, 1872ರಲ್ಲಿ ತೆರೆಯಲ್ಪಟ್ಟ ಕೃತಕವಾದ ಮುಖದ ಮೂಲಕ ಉತ್ತರ ಸಮುದ್ರವನ್ನು ಸೇರುವುದು.

ಈ ಕವಲುಗಳಲ್ಲಿ ವಾಲ್ ನದಿಯ ಮೇಲೆ ವರ್ಷವೊಂದಕ್ಕೆ ಲಕ್ಷಕ್ಕೂ ಮಿಕ್ಕ ಹಡಗುಗಳು ಸಂಚರಿಸುತ್ತವೆ. ಕಲ್ಲಿದ್ದಲು, ಕಬ್ಬಿಣದ ಅದಿರು, ಎಣ್ಣೆ, ಜಲ್ಲಿ, ಉಕ್ಕಿನ ಪೆಟ್ಟಿಗೆಗಳಲ್ಲಿ ತುಂಬಿದ ಸಮಸ್ತ ಸರಕೂ ರಾಟರ್‌ಡ್ಯಾಮಿನಿಂದ ಜರ್ಮನಿಯ ಕೈಗಾರಿಕಾ ಪ್ರಾಂತಕ್ಕೆ ಹೋಗಿ ಬರುವುದು ಬಹುಮಟ್ಟಿಗೆ ಈ ಮಾರ್ಗವಾಗಿಯೇ. ದಡದಲ್ಲಿ ಹೆದ್ದಾರಿಯ ಕಲ್ಲುಗಳಂತೆ ಕಿಲೋಮೀಟರುಗಳನ್ನು ಬರೆದ ಫಲಕಗಳಿದ್ದು, ಆ ಎಣಿಕೆಯು ನೂರಾರು ಹರದಾರಿಗಳಾಚೆ, ಕಾನ್‌ಸ್ಟನ್ಸ್ ಎಂಬ ಸರೋವರ ತೀರದ ನಗರದ ಸೇತುವೆಯಿಂದ ಮೊದಲ್ಗೊಂಡಿರುವುದೆಂದು ಹೇಳಿದರೆ, ನದಿಯನ್ನು ಒಂದು ವ್ಯವಹಾರದ ಪುಸ್ತಕದಂತೆ ಇಟ್ಟುಕೊಂಡಿರುವ ಆ ಜನರ ಶಿಸ್ತು ನಮಗೆ ಮನವರಿಕೆಯಾಗಬಹುದು.

ಆದರೆ ಆ ಕವಲುಗಳು ಪ್ರಕೃತಿಯು ಕೊಟ್ಟ ವರವೆಂದು ತಿಳಿಯುವುದು ಪೂರ್ಣ ಸತ್ಯವಾಗದು. ಹದಿನೇಳನೆಯ ಶತಮಾನದಲ್ಲಿ ರೈನ್ ನದಿಯ ನೀರೆಲ್ಲವೂ ಬಹುಮಟ್ಟಿಗೆ ವಾಲ್ ಕವಲಿನಲ್ಲಿಯೇ ಹರಿದುಹೋಗಿ, ಉತ್ತರದ ಕವಲುಗಳು ಹೂಳು ತುಂಬಿ ಬತ್ತುತ್ತಿದ್ದುವು. 1672ರ ಬೇಸಗೆಯಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಸೈನ್ಯವು ಲೋಬಿತ್ತಿನ ಸಮೀಪದಲ್ಲಿ ಆ ಕ್ಷೀಣನದಿಯನ್ನು ಕುದುರೆಗಳ ಮೇಲೆ ದಾಟಿ ಒಳನುಗ್ಗಿದಾಗ, ನೀರಿಲ್ಲದ ನದಿಯು ಕೋಟೆಯಾಗಲಾರದೆಂಬುದು ಡಚ್ಚರಿಗೆ ಅರಿವಾಯಿತು. ಅಂದಮೇಲೆ ಅವರು ಸುಮ್ಮನಿರಲಿಲ್ಲ. 1707ರ ಹೊತ್ತಿಗೆ ಪನ್ನರ್ಡನ್ನಿನಲ್ಲಿ ಒಂದು ಕಾಲುವೆಯನ್ನು ತೋಡಿ, ಆಮೇಲೆ ಅದೇ ಶತಮಾನದಲ್ಲಿ ಯಾವ ಕವಲಿಗೆ ಎಷ್ಟು ಪಾಲು ನೀರೆಂಬುದನ್ನು ಒಪ್ಪಂದಗಳ ಮೂಲಕ ನಿಷ್ಕರ್ಷಿಸಿಕೊಂಡರು. ಆದಕಾರಣ ಇಂದು ನಕಾಸೆಯ ಮೇಲೆ ನದಿಯೆಂದು ತೋರುವ ಆ ಉತ್ತರದ ಕವಲಿನ ಆರಂಭವು ನಾಲೆಯೇ. 1904ರಲ್ಲಿ ಮಾಸ್ ಎಂಬ ಮತ್ತೊಂದು ನದಿಯನ್ನು ವಾಲ್‌ನಿಂದ ಬೇರ್ಪಡಿಸಿ ಅದಕ್ಕೆ ಬೇರೊಂದು ಮುಖವನ್ನು ಮಾಡಿಕೊಟ್ಟುದೂ ಮನುಷ್ಯರೇ. 1970ರಲ್ಲಿ ಡ್ರೀಲ್ ಎಂಬಲ್ಲಿ ಕಟ್ಟಿ ಮುಗಿಸಿದ ಒಡ್ಡಿನ ಬಾಗಿಲುಗಳನ್ನು ಏರಿಸಿ ಇಳಿಸುವುದರಿಂದ ಐಸೆಲ್ ಕವಲಿಗೆ ಹೋಗುವ ನೀರನ್ನು ಹೆಚ್ಚು ಕಡಿಮೆ ಮಾಡಬಹುದಾಗಿದ್ದು, ಆ ದೇಶದವರು ಅದನ್ನು ದೇಶದ ನಲ್ಲಿಯೆಂದೇ ಕರೆಯುತ್ತಾರೆ. ನಮ್ಮ ಕಡೆಯ ಕೆರೆಯ ತೂಬಿನ ಮುಂದೆ ಗುದ್ದಲಿ ಹಿಡಿದು ಕುಳಿತ ನೀರುಗಂಟಿಯೂ ಮಾಡುವ ಕೆಲಸ ಇದಕ್ಕಿಂತ ಭಿನ್ನವಾದುದಲ್ಲ. ಅವನ ಬಾಗಿಲು ಚಿಕ್ಕದು, ಅವನನ್ನು ಬೈಯುವವರು ಹತ್ತಿರದಲ್ಲಿಯೇ ಇರುತ್ತಾರೆ, ಅಷ್ಟೆ ವ್ಯತ್ಯಾಸ.

ಈ ದೃಷ್ಟಿಯನ್ನು ಇಟ್ಟುಕೊಂಡು ವೇದಾವತಿಯನ್ನು ನೋಡಿದರೆ, ಕವಲುಗಳಿಲ್ಲದ ನದಿಯೆಂದು ಭೂಗೋಳದ ಪಾಠದಲ್ಲಿ ಹೇಳಬಹುದಾದ ಈ ಹೊಳೆಗೂ ಕವಲುಗಳು ಧಾರಾಳವಾಗಿವೆಯೆಂದೂ, ಅವು ಸಮುದ್ರದ ಅಂಚಿನಲ್ಲಿರದೆ ನಡುನಾಡಿನಲ್ಲಿರುವುದರಿಂದ ನಮ್ಮ ಗಣನೆಗೆ ಬಾರದೆ ಹೋಗಿವೆಯೆಂದೂ ನನಗೆ ತೋರುತ್ತದೆ. ವೇದಾವತಿಯ ಮುಖಜಭೂಮಿಯು ಅದರ ಮುಖದಲ್ಲಿಲ್ಲ, ಹೊಟ್ಟೆಯಲ್ಲಿದೆ.

ಅದರ ಹುಟ್ಟನ್ನೇ ಗಮನಿಸೋಣ. ಬಾಬಾಬುಡನ್ ಗಿರಿಶ್ರೇಣಿಯ ಪಶ್ಚಿಮದ ಇಳಿಜಾರಿನಲ್ಲಿ ಬಿದ್ದ ಮಳೆಯು ಭದ್ರೆಯ ಪಾಲಾಗುವುದು. ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ತೊರೆಗಳು ವೇದಾ ಮತ್ತು ಅವತಿಯೆಂಬ ಎರಡು ಹೊಳೆಗಳಾಗಿ ಬಯಲಿಗಿಳಿಯುವುವು. ಇವೆರಡೂ ಒಂದನ್ನೊಂದು ಕಾಣುವ ಮೊದಲೇ ಮನುಷ್ಯನ ಕೈಗೆ ಸಿಕ್ಕುವುವು. ವೇದಾ ಹೊಳೆಯನ್ನು ಸಖರಾಯಪಟ್ಟಣದ ಬಳಿ, ಶಕುನಗಿರಿಯ ಬುಡದಲ್ಲಿ, ಅಯ್ಯನಕೆರೆಯು ಹಿಡಿದು ನಿಲ್ಲಿಸುತ್ತದೆ. ರುಕ್ಮಾಂಗದರಾಯನೆಂಬ ಅರಸನು ಕಟ್ಟಿಸಿದನೆಂಬ ಐತಿಹ್ಯವುಳ್ಳ ಈ ಕೆರೆಯು ಗುಡ್ಡಗಳ ಮಡಿಲಲ್ಲಿ ಕಣ್ಣು ತಣಿಯುವಂತೆ ಹಬ್ಬಿದೆ. ಅವತಿಯ ನೀರಾದರೋ ಮದಗದ ಕೆರೆಯನ್ನು ತುಂಬಬೇಕು. ಈ ಎರಡು ಮಹಾ ತಟಾಕಗಳ ಕೋಡಿಯಲ್ಲಿ ಉಳಿದು ಬಂದುದು ಕಡೂರಿನ ಆಸುಪಾಸಿನಲ್ಲಿ ಒಂದಾಗಿ ವೇದಾವತಿಯೆಂಬ ಪೂರ್ಣನಾಮವನ್ನು ಪಡೆಯುತ್ತದೆ. ಎಂದರೆ, ಹುಟ್ಟುವ ಮೊದಲೇ ತೆರಿಗೆಯನ್ನು ತೆತ್ತು ಬಂದ ನದಿಯಿದು.

ಅಲ್ಲಿಂದ ಅದು ಈಶಾನ್ಯಾಭಿಮುಖವಾಗಿ ಹೊಸದುರ್ಗದ ಸೀಮೆಯನ್ನು ಹೊಕ್ಕು, ಆಂಜನೇಯನ ಸನ್ನಿಧಿಯಿಂದ ಪ್ರಖ್ಯಾತವಾದ ಕೆಲ್ಲೋಡನ್ನು ಹಾದು, ಚಿತ್ರದುರ್ಗದ ಬೆಟ್ಟಸಾಲನ್ನು ಭೇದಿಸಿಕೊಂಡು ಹೊರಬೀಳುವ ಮಾರಿ ಕಣಿವೆಗೆ ಬರುತ್ತದೆ. ಹತ್ತಾರು ಹರದಾರಿಗಳ ಉದ್ದಕ್ಕೂ ಅಡ್ಡಲಾಗಿ ನಿಂತ ಬೆಟ್ಟಗಳ ಗೋಡೆಯಲ್ಲಿ ಪ್ರಕೃತಿಯು ಬಿಟ್ಟಿದ್ದ ಈ ಒಂದು ಕಿಂಡಿಯನ್ನು ಮುಚ್ಚಿದರೆ ಅದರ ಹಿಂದೆ ಒಂದು ಸಮುದ್ರವೇ ನಿಲ್ಲುವುದೆಂಬುದನ್ನು ಕಾಣಲು ಶಿಲ್ಪಶಾಸ್ತ್ರದ ಪಾಂಡಿತ್ಯವೇನೂ ಬೇಕಾಗಿರಲಿಲ್ಲ. ಬೇಕಾಗಿದ್ದುದು ಹಣ, ಧೈರ್ಯ ಮತ್ತು ಕೆಳಗಿನವರ ಅನುಮತಿ. ಈ ಕೊನೆಯದೇ ಕಠಿನವಾಗಿತ್ತು. ನದಿಯು ಕೆಳಗೆ ಹಗರಿಯಾಗಿ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿ ಹರಿಯುತ್ತಿದ್ದುದರಿಂದ, ಮೈಸೂರು ಸಂಸ್ಥಾನವು ಮೇಲೆ ಕಟ್ಟೆ ಕಟ್ಟಿದರೆ ತಮ್ಮ ರೈತರ ಗತಿಯೇನೆಂಬ ಶಂಕೆ ಮದರಾಸಿನ ಅಧಿಕಾರಿಗಳನ್ನು ಬಾಧಿಸುತ್ತಿತ್ತು. 1892ರಲ್ಲಿ ಎರಡು ಸರ್ಕಾರಗಳ ನಡುವೆ ಆದ ಒಪ್ಪಂದವನ್ನು ನಾವು ಇಂದು ಕಾವೇರಿಯ ವ್ಯಾಜ್ಯದ ಸಂದರ್ಭದಲ್ಲಿ ಮಾತ್ರವೇ ಸ್ಮರಿಸುತ್ತೇವೆ. ಆದರೆ ಆ ಒಪ್ಪಂದದ ನದಿಗಳ ಪಟ್ಟಿಯಲ್ಲಿ ವೇದಾವತಿಯ ಹೆಸರೂ ಇದೆ.

ಬಾಲಕರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ ಪರವಾಗಿ ಅವರ ಮಾತೃಶ್ರೀಯವರಾದ ವಾಣಿ ವಿಲಾಸ ಸನ್ನಿಧಾನದ ಕೆಂಪನಂಜಮ್ಮಣ್ಣಿಯವರು ರಾಜ್ಯಭಾರವನ್ನು ವಹಿಸಿದ್ದ ಕಾಲದಲ್ಲಿ, ಶೇಷಾದ್ರಿ ಅಯ್ಯರವರು ದಿವಾನರಾಗಿದ್ದಾಗ, 1898ರಲ್ಲಿ ಕಣಿವೆಯ ಕೆಲಸವು ಪ್ರಾರಂಭವಾಗಿ 1907ರಲ್ಲಿ ಮುಗಿಯಿತು. ಗಾರೆಯಲ್ಲಿ ಕಲ್ಲನ್ನು ಕೂಡಿಸಿ ಕಟ್ಟಿದ ಈ ಅಡ್ಡಗೋಡೆಯು ಉದ್ದದಲ್ಲಿ ನಾಲ್ಕುನೂರು ಮೀಟರಿಗೆ ತುಸು ಮಿಕ್ಕಿದ್ದು, ಅದರ ಹಿಂದೆ ನಿಲ್ಲಬಲ್ಲ ನೀರು ಮಾತ್ರ 30 ಟಿಎಂಸಿ. ಕನ್ನಂಬಾಡಿಯ ಕಟ್ಟೆಯಿನ್ನೂ ಕಾಗದದ ಮೇಲೂ ಸ್ಪಷ್ಟವಾಗಿ ಮೂಡದಿದ್ದ ಆ ದಿನಗಳಲ್ಲಿ ಸಂಸ್ಥಾನಕ್ಕೆ ಇದಕ್ಕಿಂತ ದೊಡ್ಡ ಜಲಾಶಯವಿರಲಿಲ್ಲ. ರಾಜಮಾತೆಯ ಹೆಸರಿನಿಂದ ಅದು ವಾಣಿ ವಿಲಾಸ ಸಾಗರವಾಯಿತು. ಜನರ ಬಾಯಲ್ಲಿ ಮಾತ್ರ ಇಂದಿಗೂ ಮಾರಿ ಕಣಿವೆಯೇ. ಕಟ್ಟೆಯ ಬಳಿಯ ಕಣಿವೆ ಮಾರಮ್ಮನಿಗೆ ಹರಕೆ ಹೊರುವ ರೈತನು ರಾಜಮಾತೆಯನ್ನು ಅಗೌರವಿಸಿದನೆಂದು ಯಾರೂ ಭಾವಿಸಬೇಕಾಗಿಲ್ಲ.

ಇಲ್ಲಿ ಒಂದು ಲೆಕ್ಕವನ್ನು ಓದುಗರ ಮುಂದಿಡುವ ಆಸೆಯಾಗುತ್ತದೆ. ಲೋಬಿತ್ತಿನಲ್ಲಿ ಹರಿಯುವ ರೈನ್ ನದಿಯನ್ನು, ಅದರ ಸರಾಸರಿ ಪ್ರಮಾಣದಲ್ಲಿ, ಮಾರಿ ಕಣಿವೆಯ ಕಡೆಗೆ ತಿರುಗಿಸಲು ಸಾಧ್ಯವಾಗುವುದಾದರೆ, ಬರಿದಾದ ಜಲಾಶಯವು ನಾಲ್ಕೂವರೆ ದಿನಗಳಲ್ಲಿ ಅಂಚಿನವರೆಗೂ ತುಂಬಿಹೋದೀತು. ವೇದಾವತಿಯು ಅದೇ ಕಾರ್ಯಕ್ಕೆ ತೆಗೆದುಕೊಂಡುದು ಇಪ್ಪತ್ತಾರು ವರ್ಷ. ಕಟ್ಟೆ ಮುಗಿದ ಮೇಲೆ ಪ್ರಥಮತಃ ಕೋಡಿ ಬಿದ್ದುದು 1933ರಲ್ಲಿ. ಅದನ್ನು ಕಂಡ ಮಕ್ಕಳು ಮುದುಕರಾಗಿ, ಮೊಮ್ಮಕ್ಕಳಿಗೆ ಹೇಳಿ, ಆ ಮೊಮ್ಮಕ್ಕಳು ಅದನ್ನು ಕಥೆಯೆಂದು ತಿಳಿಯುವ ಕಾಲ ಬಂದ ಮೇಲೆ, ಎಂಬತ್ತೊಂಬತ್ತು ವರ್ಷಗಳ ಬಳಿಕ, 2022ರ ಸೆಪ್ಟೆಂಬರಿನಲ್ಲಿ, ನೀರಿನ ಮಟ್ಟವು 130 ಅಡಿಯನ್ನು ಮುಟ್ಟಿ ಎರಡನೆಯ ಬಾರಿಗೆ ಕೋಡಿ ಬಿದ್ದಿತು. ಆಗ ನೆರೆದ ಜನಜಂಗುಳಿಯನ್ನೂ, ಬಾಗಿನದ ಸಂಭ್ರಮವನ್ನೂ ಪತ್ರಿಕೆಗಳು ವರ್ಣಿಸಿವೆ. ಪುನಃ ವರ್ಣಿಸುವ ಅಗತ್ಯವಿಲ್ಲ. ಮೂರನೆಯ ಬಾರಿಯು ಅಷ್ಟು ಕಾಯಿಸಲಿಲ್ಲ, 2025ರ ಜನವರಿಯಲ್ಲಿಯೇ ಬಂದಿತು. ಈ ತ್ವರೆಗೆ ಮಳೆಯಲ್ಲದೆ ಬೇರೊಂದು ಕಾರಣವೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಜಲಾಶಯದಿಂದ ಹೊರಟ ನೀರು ಬೆಟ್ಟದ ಬಾಯಿಯಿಂದ ಈಚೆಗೆ ಬಂದ ಕೂಡಲೆ ಕವಲೊಡೆಯುತ್ತದೆ. ಒಂದು ಎಡದಂಡೆ, ಒಂದು ಬಲದಂಡೆ; ಎರಡರಿಂದಲೂ ಉಪನಾಲೆಗಳು, ಉಪನಾಲೆಗಳಿಂದ ತೂಬುಗಳು, ತೂಬುಗಳಿಂದ ಹೊಲಗಾಲುವೆಗಳು, ಕಟ್ಟಕಡೆಗೆ ಬದುವನ್ನು ಕಡಿದು ಬಿಡುವ ಅಂಗೈಯಗಲದ ಹರವು. ಆ ಕಾಲುವೆಗಳನ್ನು ಮಾತ್ರ ಬರೆದ ನಕ್ಷೆಯನ್ನು ನೋಡಿದರೆ, ಒಂದು ನದಿಯು ಸಮುದ್ರವನ್ನು ಸಮೀಪಿಸಿ ಬೆರಳುಗಳನ್ನು ಚಾಚಿದಂತೆಯೇ ಕಾಣುವುದು. ಸಮುದ್ರದ ಸ್ಥಾನದಲ್ಲಿ ಹಿರಿಯೂರಿನ ಅಚ್ಚುಕಟ್ಟಿದೆ. ವರ್ಷಕ್ಕೆ ಇಪ್ಪತ್ತು ಅಂಗುಲದ ಆಚೀಚೆ ಮಳೆ ಬೀಳುವ, ರಾಜ್ಯದಲ್ಲಿಯೇ ಅತ್ಯಂತ ಶುಷ್ಕವೆನಿಸಿದ ಸೀಮೆಗಳಲ್ಲೊಂದಾದ ಈ ಪ್ರದೇಶದಲ್ಲಿ ತೆಂಗು, ಅಡಕೆ, ಕಬ್ಬು, ಬತ್ತಗಳು ಬೆಳೆಯುವಂತಾದುದೂ, ಬಬ್ಬೂರಿನಲ್ಲಿ ಕೃಷಿ ಸಂಶೋಧನೆಯ ಕ್ಷೇತ್ರವು ನೆಲೆಗೊಂಡುದೂ, ಹಿರಿಯೂರಿನಲ್ಲಿ ಸಕ್ಕರೆಯ ಕಾರ್ಖಾನೆಯೊಂದು ಎದ್ದು ಆಮೇಲೆ ನಿಂತುಹೋದುದೂ ಈ ಕವಲುಗಳಿಂದಲೇ. ಹೆದ್ದಾರಿಯಲ್ಲಿ ಜವನಗೊಂಡನಹಳ್ಳಿಯಿಂದ ಹಿರಿಯೂರಿಗೆ ಹೋಗುವಾಗ, ಒಣ ಹೊಲಗಳ ಬಣ್ಣವು ಕಳೆದು ಹಠಾತ್ತಾಗಿ ತೆಂಗಿನ ನೆರಳು ಮೊದಲಾಗುವುದನ್ನು ಯಾರಾದರೂ ಗುರುತಿಸಬಹುದು. ಯಾವ ಜಿಲ್ಲೆಯ ಗಡಿಯೂ ಅಲ್ಲದ ಆ ಗೆರೆಯೇ ಈ ನಾಡಿನ ನಿಜವಾದ ಗಡಿ. ನಾಲೆಯ ನೀರು ನಿಂತುದು ಅಲ್ಲಿಗೆ.

ಗೆರೆಯ ಈಚೆಗಿರುವುದು ಸುವರ್ಣಮುಖಿಯ ರಾಜ್ಯ. ಈ ಉಪನದಿಯ ಕಥೆಯೂ ತಾಯಿನದಿಯ ಕಥೆಯ ಕಿರಿಯ ಪ್ರತಿಯೇ ಆಗಿದೆ. ಚಿಕ್ಕನಾಯಕನಹಳ್ಳಿಯ ಸೀಮೆಯ ಗುಡ್ಡಗಳ ನಡುವೆ, ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ, ಮಾರಿ ಕಣಿವೆಯ ಕಟ್ಟೆಗೆ ಇನ್ನೂ ಅಡಿಗಲ್ಲು ಬೀಳುವ ಮೊದಲೇ, ಬೋರನಕಣಿವೆಯೆಂಬಲ್ಲಿ ಇದನ್ನು ತಡೆದು ನಿಲ್ಲಿಸಿದರು. ಸ್ವಾತಂತ್ರ್ಯಾನಂತರ, ಅದನ್ನು ಮೀರಿ ಬಂದ ನೀರನ್ನು ಹಿಡಿಯಲು ಜವನಗೊಂಡನಹಳ್ಳಿ ಹೋಬಳಿಯಲ್ಲಿ ಗಾಯತ್ರಿ ಜಲಾಶಯವನ್ನು ಕಟ್ಟಿದರು. ಮೇಲಿನದು ತುಂಬದೆ ಕೆಳಗಿನದು ತುಂಬಲಾರದೆಂಬ ನ್ಯಾಯದಿಂದ, ಗಾಯತ್ರಿಯು ತುಂಬಿದ ವರ್ಷಗಳನ್ನು ಹೋಬಳಿಯ ಜನ ಮದುವೆಯ ವರ್ಷಗಳಂತೆ ನೆನಪಿಟ್ಟುಕೊಂಡಿರುತ್ತಾರೆ. ಬರಿದಾದ ವರ್ಷಗಳಲ್ಲಿ ಜಲಾಶಯದ ಅಂಗಳವು ಕುರಿಗಳ ಮೇವಿನ ಹುಲ್ಲುಗಾವಲು. ಕೂಡ್ಲಹಳ್ಳಿಯ ಸಂಗಮವು ಸುತ್ತಲಿನವರಿಗೆ ಪುಣ್ಯಭೂಮಿ. ನೀರಿಲ್ಲದಿದ್ದರೂ ಸಂಗಮವು ಸಂಗಮವೇ ಎಂಬ ಶ್ರದ್ಧೆಯನ್ನು ನಾನು ಲಘುವಾಗಿ ಕಾಣಲಾರೆ. ಮಳೆಯ ಲೆಕ್ಕವನ್ನು ತೆಗೆದು ನೋಡಿದರೆ, ಇಂತಹ ಶ್ರದ್ಧೆಯಿಲ್ಲದಿದ್ದರೆ ಈ ಸೀಮೆಯಲ್ಲಿ ನದಿಯೆಂಬ ಮಾತೇ ಮರೆತುಹೋಗುತ್ತಿತ್ತು.

ನದಿಯು ಮಧ್ಯದಲ್ಲಿಯೇ ಹಂಚಿಹೋದರೆ ಅದರ ಬಾಲದ ಅವಸ್ಥೆಯೇನು? ಇದನ್ನು ಹಿರಿಯೂರಿನವರನ್ನಲ್ಲ, ಚಳ್ಳಕೆರೆಯ ಕಡೆಯ ಪರಶುರಾಂಪುರದವರನ್ನು ಕೇಳಬೇಕು. ಕಟ್ಟೆಯು ಮುಗಿದಂದಿನಿಂದ, ಒಂದೆರಡು ವರ್ಷಗಳನ್ನು ಬಿಟ್ಟರೆ, ಅವರ ಪಾಲಿನ ವೇದಾವತಿಯು ಮರಳಿನ ನದಿ. ಹಳೆಯ ಕಾಲದಲ್ಲಿ ಪ್ರವಾಹ ಬಂದಾಗ ಹರಿಗೋಲನ್ನು ಹಾಕಿ ದಾಟುತ್ತಿದ್ದ ಪಾತ್ರದಲ್ಲಿ ಆಮೇಲೆ ಸಂಚರಿಸಿದ ವಾಹನವೆಂದರೆ ಮರಳಿನ ಲಾರಿ. ವಾಲ್ ನದಿಯ ಮೇಲೆ ಹಡಗುಗಳು ಹಗಲಿರುಳು ಹೋಗುವಂತೆ ಇಲ್ಲಿಯೂ ಲಾರಿಗಳು, ಹಗಲಿಗಿಂತ ಇರುಳಿನಲ್ಲಿಯೇ ಹೆಚ್ಚಾಗಿ, ನದಿಯಲ್ಲಿ ಯಾನ ಮಾಡಿವೆ. ಮರಳು ಹೋದಮೇಲೆ ಅದರ ಅಡಿಯಲ್ಲಿ ತಂಗುತ್ತಿದ್ದ ಒರತೆಯೂ ಹೋಯಿತು. ನೀರನ್ನು ತಡೆದು ಇಂಗಿಸುವುದಕ್ಕಾಗಿ ಪಾತ್ರದಲ್ಲಿ ಅಲ್ಲಲ್ಲಿ ಬ್ಯಾರೇಜುಗಳನ್ನು ಕಟ್ಟಿದರು. ಅವನ್ನು ತುಂಬಲು ಮೇಲಿನಿಂದ ನೀರು ಬಿಡಬೇಕೆಂಬ ಕೂಗೆದ್ದಿತು. ಕಾಲು ಟಿಎಂಸಿ ನೀರನ್ನು ಚಳ್ಳಕೆರೆಯ ಕಡೆಗೆ ಬಿಡುವ ವಿಷಯದಲ್ಲಿ ಒಂದೇ ಜಿಲ್ಲೆಯ ಎರಡು ತಾಲ್ಲೂಕುಗಳ ರೈತರು ಎದುರುಬದರಾಗಿ ನಿಂತರು. 1892ರಲ್ಲಿ ಮೈಸೂರಿಗೂ ಮದರಾಸಿಗೂ ನಡೆದ ವಾದವನ್ನು ಇವರು ಕಿರಿಯ ಪ್ರಮಾಣದಲ್ಲಿ ಪುನರಭಿನಯಿಸಿದರೆಂದರೆ ತಪ್ಪಾಗದು, ಮತ್ತು ಎರಡು ಕಡೆಯವರ ವಾದದಲ್ಲಿಯೂ ಆಗ ಇದ್ದಷ್ಟೇ ನ್ಯಾಯ ಈಗಲೂ ಇದ್ದಿತು.

ಮುಂದೆ ನದಿಯು ಆಂಧ್ರದ ಅನಂತಪುರದ ಸೀಮೆಯನ್ನು ಹೊಕ್ಕು, ಭೈರವಾನಿ ತಿಪ್ಪದಲ್ಲಿ ಮತ್ತೊಂದು ಕಟ್ಟೆಗೆ ಸಿಕ್ಕಿ, ಪುನಃ ಕರ್ನಾಟಕಕ್ಕೆ ಬಂದು ಬಳ್ಳಾರಿಯ ಕರಿಯ ಮಣ್ಣಿನ ಬಯಲಿನಲ್ಲಿ ಹಗರಿಯೆಂಬ ಹೆಸರಿನಿಂದ ವಿಸ್ತಾರವಾಗಿ ಮಲಗುತ್ತದೆ. ಬಳ್ಳಾರಿ ಜಿಲ್ಲೆಯನ್ನು ಆಂಗ್ಲರು ವರ್ಣಿಸಿದ ಕಾಲಕ್ಕಾಗಲೇ, ಅದರ ಒಣ ಪಾತ್ರದಿಂದ ಮುಂಗಾರಿನ ಗಾಳಿಯು ಮರಳನ್ನು ಎತ್ತಿ ಪೂರ್ವದ ದಂಡೆಯ ಹೊಲಗಳ ಮೇಲೆ ಸುರಿದು ದಿಣ್ಣೆಗಳನ್ನು ಮಾಡುತ್ತಿದ್ದುದು ಸರ್ಕಾರಕ್ಕೆ ತಲೆನೋವಾಗಿತ್ತು. ಡಚ್ಚರ ನದಿಯು ತಂದ ಮೆಕ್ಕಲು ಭೂಮಿಯಾಗುತ್ತದೆ; ಹಗರಿಯ ಮರಳು ಇದ್ದ ಭೂಮಿಯನ್ನು ನುಂಗುತ್ತದೆ. ಇನ್ನೊಂದು ವೈಪರೀತ್ಯವೂ ಅಲ್ಲಿದೆ. ನೆದರ್ಲೆಂಡ್ಸಿನಲ್ಲಿ ಏರಿಗಳ ನಡುವೆ ಬಂಧಿತವಾದ ನದಿಯು ಅಕ್ಕಪಕ್ಕದ ಊರುಗಳ ನೆಲಕ್ಕಿಂತ ಎತ್ತರದಲ್ಲಿ ಹರಿಯುವುದನ್ನು ಕಂಡು ಪರದೇಶದವರು ಬೆರಗಾಗುತ್ತಾರೆ. ಹಗರಿಯಲ್ಲಾದರೋ ಎತ್ತರದಲ್ಲಿ ಹರಿಯುವುದು ಕಾಲುವೆ. ತುಂಗಭದ್ರಾ ಅಣೆಕಟ್ಟಿನ ಕೆಳಮಟ್ಟದ ನಾಲೆಯು ಕಂಬಗಳ ಮೇಲಿನ ತೊಟ್ಟಿಯೊಳಗೆ ಹಗರಿಯನ್ನು ಅಡ್ಡಲಾಗಿ ದಾಟುತ್ತದೆ. ಮೇಲೆ ತುಂಬಿದ ನೀರು, ಕೆಳಗೆ ವರ್ಷದ ಬಹುಭಾಗದಲ್ಲಿ ಮರಳು. ಸಿರುಗುಪ್ಪದ ಸೀಮೆಯಲ್ಲಿ ಹಗರಿಯು ತುಂಗಭದ್ರೆಯನ್ನು ಸೇರುವಾಗ, ಬಾಬಾಬುಡನ್ ಗಿರಿಯ ಪೂರ್ವದ ನೀರು ಪಶ್ಚಿಮದ ನೀರನ್ನು ಕೂಡಿಕೊಂಡಂತಾಗುವುದೆಂದು ಹೇಳಬಹುದು; ಆದರೆ ಪೂರ್ವದ ನೀರು ಅಲ್ಲಿಯವರೆಗೆ ಬಂದಿರಬೇಕಲ್ಲ!

ವೇದಾವತಿಯ ಜಲಾನಯನ ಪ್ರದೇಶವು ಸುಮಾರು 23 ಸಾವಿರ ಚದರ ಕಿಲೋಮೀಟರುಗಳಷ್ಟಿದ್ದು, ನೆದರ್ಲೆಂಡ್ಸ್ ದೇಶದ ಒಣನೆಲದ ಮುಕ್ಕಾಲು ಭಾಗಕ್ಕೆ ಸ್ವಲ್ಪವೇ ಕಡಮೆಯಾಗಿದೆ. ಈ ಕ್ಷೇತ್ರದಿಂದ ಕರ್ನಾಟಕವು ವರ್ಷಕ್ಕೆ 42 ಟಿಎಂಸಿಗಿಂತ ಹೆಚ್ಚು ನೀರನ್ನು ಬಳಸಕೂಡದೆಂದು ಕೃಷ್ಣಾ ಜಲವಿವಾದದ ಬಚಾವತ್ ನ್ಯಾಯಾಧಿಕರಣವು ಮಿತಿಯನ್ನು ಹಾಕಿತು. ದೇಶವೊಂದರ ಪ್ರಮಾಣದ ನೆಲಕ್ಕೆ ಇಷ್ಟು ನೀರೆಂದು ಕೇಳಿದಾಗ, ನೀರಿನಿಂದ ಹೇಗೆ ಪಾರಾಗಬೇಕೆಂಬುದನ್ನೇ ಚರಿತ್ರೆಯುದ್ದಕ್ಕೂ ಚಿಂತಿಸಿದ ಜನರಿಗೂ ನಮಗೂ ಹೋಲಿಕೆ ಎಲ್ಲಿಯದೆಂದು ಕೆಲವರು ಕೇಳಬಹುದು. 1421ರ ಪ್ರವಾಹದಲ್ಲಿ ಅವರ ಹಳ್ಳಿಗಳು ಮುಳುಗಿ ಬೀಸ್‌ಬಾಸ್ ಎಂಬ ಜೌಗುಪ್ರದೇಶವು ಉಂಟಾಯಿತು. 1953ರಲ್ಲಿ ಸಮುದ್ರವೇ ಉಕ್ಕಿ 1,836 ಜನರು ಸತ್ತರು. 1995ರಲ್ಲಿ ನದಿಗಳು ಏರಿಗಳ ಅಂಚನ್ನು ಮುಟ್ಟಿ ಎರಡೂವರೆ ಲಕ್ಷ ಜನ ಮನೆಬಿಟ್ಟು ಹೋಗಬೇಕಾಯಿತು. ಆಮೇಲೆ ಅವರು ನದಿಗೆ ಜಾಗ ಬಿಡುವ ಯೋಜನೆಯೊಂದನ್ನು ಕೈಗೊಂಡು, ಕೆಲವೆಡೆ ಏರಿಗಳನ್ನು ಹಿಂದಕ್ಕೆ ಸರಿಸಿ, ಸಾಗುವಳಿಯ ನೆಲವನ್ನೇ ನದಿಗೆ ಹಿಂದಿರುಗಿಸಿದರು.

ನಮ್ಮಲ್ಲಿ ಈ ಪ್ರಶ್ನೆಯೇ ಏಳದೆಂದು ನಾವು ನೆಮ್ಮದಿಯಿಂದ ಇದ್ದೆವು. 2022ರಲ್ಲಿ ಎದ್ದಿತು. ಮಾರಿ ಕಣಿವೆಯು ಕೋಡಿ ಬಿದ್ದ ಸಂತೋಷದಲ್ಲಿ ಹಿರಿಯೂರು ಮುಳುಗಿರುವಾಗಲೇ, ಹಿಂದಿನ ಕಡೆ ಹೊಸದುರ್ಗದ ಸೀಮೆಯಲ್ಲಿ ಹಿನ್ನೀರು ಹೊಲ ತೋಟಗಳಿಗೂ ರಸ್ತೆಗಳಿಗೂ ನುಗ್ಗಿತು. ತೊಂಬತ್ತು ವರ್ಷಗಳವರೆಗೆ ನೀರು ಬಾರದ ನೆಲದಲ್ಲಿ ತೆಂಗನ್ನೂ ಅಡಕೆಯನ್ನೂ ನೆಟ್ಟವನನ್ನು ದೂಷಿಸುವುದು ಸುಲಭವಲ್ಲ; ಅವನ ಅಜ್ಜನ ಕಾಲದಿಂದಲೂ ಅದು ಸಾಗರವಲ್ಲ, ಹೊಲ. ಜಲಾಶಯದಲ್ಲಿ ನೀರಿನ ಮಟ್ಟವನ್ನು ತಗ್ಗಿಸಬೇಕೆಂದು ಹೊಸದುರ್ಗದವರೂ, ಒಂದು ಅಂಗುಲವನ್ನೂ ತಗ್ಗಿಸಕೂಡದೆಂದು ಹಿರಿಯೂರಿನವರೂ ಬೇಡಿಕೆಗಳನ್ನು ಮಂಡಿಸಿದರು. ಬರಗಾಲದ ನಾಡಿನಲ್ಲಿ ಪ್ರವಾಹದ ವ್ಯಾಜ್ಯ! ಡಚ್ಚರ ಇಂಜಿನಿಯರನೊಬ್ಬನು ಆಗ ಇಲ್ಲಿಗೆ ಬಂದಿದ್ದರೆ ಅವನಿಗೆ ಭಾಷೆಯ ಹೊರತು ಮತ್ತೇನೂ ಹೊಸದೆನಿಸುತ್ತಿರಲಿಲ್ಲ.

ಕೋಡಿಯ ತ್ವರೆಗೆ ಕಾರಣವೊಂದಿದೆಯೆಂದು ಹೇಳಿದೆನಷ್ಟೆ. ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ಭದ್ರೆಯ ನೀರನ್ನು ಯಂತ್ರಗಳಿಂದ ಮೇಲೆತ್ತಿ, ಅಜ್ಜಂಪುರದ ಬಳಿ ಸುಮಾರು ಏಳು ಕಿಲೋಮೀಟರು ಉದ್ದದ ಸುರಂಗದಲ್ಲಿ ಗುಡ್ಡವನ್ನು ದಾಟಿಸಿ, 2019ರಿಂದ ವೇದಾವತಿಯ ಕಡೆಗೆ ಹರಿಯಿಸುತ್ತಿದ್ದಾರೆ. ಗಿರಿಶ್ರೇಣಿಯ ಪಶ್ಚಿಮದ ಮಳೆಯನ್ನು ಪೂರ್ವದ ನದಿಗೆ ಸೇರಿಸುವ ಈ ಕಾರ್ಯದಿಂದ ವೇದಾವತಿಗೆ ಒಂದು ಹೊಸ ಉಪನದಿ ದೊರೆತಂತಾಯಿತು. ಭದ್ರೆಗೆ ಒಂದು ಹೊಸ ಕವಲು ಒಡೆಯಿತು. ಎರಡೂ ಒಂದೇ ಮಾತು. ಪನ್ನರ್ಡನ್ನಿನಲ್ಲಿ ಮುನ್ನೂರು ವರ್ಷಗಳ ಹಿಂದೆ ಗುದ್ದಲಿಯಿಂದ ಆದುದು ಅಜ್ಜಂಪುರದಲ್ಲಿ ಸಿಡಿಮದ್ದಿನಿಂದಲೂ ವಿದ್ಯುಚ್ಛಕ್ತಿಯಿಂದಲೂ ಆಯಿತು. ಅಲ್ಲಿ ಕಾಲುವೆಗೆ ಇಳಿಜಾರು ಸಾಕಾಗಿತ್ತು. ಇಲ್ಲಿ ಪ್ರತಿಯೊಂದು ಹನಿಯನ್ನೂ ಹಣ ತೆತ್ತು ಮೇಲೆತ್ತಬೇಕು. ಮಳೆ ಚೆನ್ನಾಗಿರುವ ವರ್ಷ ಇದರ ಪ್ರಶ್ನೆ ಬಾರದು. ಎರಡು ನದಿಗಳೂ ಬಡವಾಗುವ ವರ್ಷ ಬಂದಾಗ, ವಿದ್ಯುತ್ತಿನ ಲೆಕ್ಕವೂ ಭದ್ರಾ ಅಚ್ಚುಕಟ್ಟಿನ ರೈತರ ಲೆಕ್ಕವೂ ಒಟ್ಟಿಗೇ ಮುಂದೆ ಬರುವುವೆಂದು ನನ್ನ ಊಹೆ.

ಜವನಗೊಂಡನಹಳ್ಳಿಯವರು ಈ ಎಲ್ಲ ಹಂಚಿಕೆಯನ್ನೂ ಇಷ್ಟು ವರ್ಷ ದೂರದಿಂದ ನೋಡಿದರು. ಇಪ್ಪತ್ತು ಮೂವತ್ತು ಕಿಲೋಮೀಟರುಗಳಾಚೆ ಸಾಗರವು ತುಂಬಿ ಹೊರಚೆಲ್ಲುತ್ತಿರುವಾಗ ತಮ್ಮ ಗಾಯತ್ರಿ ಬರಿದಾಗಿರುವುದೇಕೆಂದು ಅವರು ಕೇಳತೊಡಗಿದುದರಲ್ಲಿ ಆಶ್ಚರ್ಯವಿಲ್ಲ. ವಾಣಿ ವಿಲಾಸ ಸಾಗರದ ನೀರನ್ನು ಕೊಳವೆಗಳ ಮೂಲಕ ಎತ್ತಿ ಗಾಯತ್ರಿ ಜಲಾಶಯಕ್ಕೂ ಹೋಬಳಿಯ ಕೆರೆಗಳಿಗೂ ತುಂಬಿಸಬೇಕೆಂದು ರೈತರು ಬಹುದಿನಗಳ ಧರಣಿಯನ್ನು ನಡೆಸಿದ್ದಾರೆ. ಕೆರೆಗೆ ನೀರು ಬಂದರೆ ಕೊಳವೆಬಾವಿಗೆ ಜೀವ ಬರುವುದು, ಕೊಳವೆಬಾವಿಗೆ ಜೀವ ಬಂದರೆ ತೋಟ ಉಳಿಯುವುದು ಎಂಬುದು ಅವರ ಸರಳವಾದ, ಖಂಡಿಸಲಾಗದ ತರ್ಕ. ಎಷ್ಟು ನೀರು, ಯಾರ ಪಾಲಿನಿಂದ, ಯಾರ ಖರ್ಚಿನಲ್ಲಿ ಎಂಬ ಮೂರು ಪ್ರಶ್ನೆಗಳಿಗೆ ಮಾತ್ರ ತರ್ಕದಿಂದ ಉತ್ತರ ದೊರೆಯದು. ಹಿರಿಯೂರಿನ ಅಚ್ಚುಕಟ್ಟಿನವರೂ, ಚಿತ್ರದುರ್ಗ ಮತ್ತು ಚಳ್ಳಕೆರೆಯ ಕುಡಿಯುವ ನೀರಿನವರೂ, ಪರಶುರಾಂಪುರದ ಬ್ಯಾರೇಜಿನವರೂ ಆ ಪಂಕ್ತಿಯಲ್ಲಿ ಮೊದಲೇ ಕುಳಿತಿದ್ದಾರೆ.

ಆ ಕೊಳವೆಯು ಒಂದು ದಿನ ಬಂದಿತೆಂದೇ ಇಟ್ಟುಕೊಳ್ಳೋಣ. ಮಾರಿ ಕಣಿವೆಯಲ್ಲಿ ವೇದಾವತಿಯಿಂದ ಅಗಲಿದ ನೀರು ಗಾಯತ್ರಿಯನ್ನು ಸೇರುವುದು. ಗಾಯತ್ರಿಯು ತುಂಬಿ ಕೋಡಿ ಬಿದ್ದರೆ ಅದು ಸುವರ್ಣಮುಖಿಯ ಪಾತ್ರದಲ್ಲಿ ಇಳಿಯುವುದು. ಇಳಿದುದು ಕೂಡ್ಲಹಳ್ಳಿಯಲ್ಲಿ, ಅಷ್ಟರಲ್ಲಿ ಹಿರಿಯೂರನ್ನು ಹಾದು ಬಂದ ವೇದಾವತಿಯನ್ನು ಮರಳಿ ಕೂಡುವುದು. ವಾಲ್ ಮತ್ತು ಲೆಕ್ ನದಿಗಳು ಪನ್ನರ್ಡನ್ನಿನಲ್ಲಿ ಅಗಲಿ ಕಿಂಡರ್‌ಡೈಕಿನಲ್ಲಿ ಕೂಡುವ ರೀತಿಯೇ ಇದೂ ಆಗುವುದರಿಂದ, ಉಪನದಿಯೆಂದು ಇದುವರೆಗೆ ಬರೆದುಕೊಂಡು ಬಂದಿರುವ ಸುವರ್ಣಮುಖಿಯನ್ನು ಭೂಗೋಳದ ಪುಸ್ತಕ ಬರೆಯುವವರು ಆಮೇಲೆ ವೇದಾವತಿಯ ಕವಲುಗಳ ಪಟ್ಟಿಗೂ ಸೇರಿಸಿಕೊಳ್ಳಬೇಕಾದೀತು.